ಘಾಟಿಯಲ್ಲಿ ಪಂಚರ್ ಆದರೆ ಮೊದಲು ಜಾಗ ನೋಡಿ, ಆಮೇಲೆ ಜಾಕಿ

ಕಾಟಕೇರಿ ಕಾಫಿ | ಭಾನುವಾರ ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಡೆದದ್ದು ಇನ್ನೂ ಕಣ್ಣ ಮುಂದೆಯೇ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಸುಳ್ಯದಲ್ಲಿ ಚಿಕ್ಕಮ್ಮನ ಮನೆಗೆ ಹೋಗಿ ಅಮ್ಮನ ಜೊತೆ ವಾಪಸ್ ಬರುತ್ತಿದ್ದೆ. ಮಡಿಕೇರಿ ಕಡೆಯ ಘಾಟಿಯಲ್ಲಿ ಕೊಯನಾಡು, ದೇವರಕೊಲ್ಲಿ ದಾಟಿ ಜೋಡುಪಾಲದ ಹತ್ತಿರ ಏರು ಹತ್ತುವಾಗ ಹಿಂದಿನ ಎಡಗಡೆ ಚಕ್ರ ಪಂಚರ್. ಆರೂ ಕಾಲು ಗಂಟೆ ಇರಬಹುದು. ಜಿಟಿಜಿಟಿ ಮಳೆ, ಬೆಳಕು ಇಳಿಯುತ್ತಿತ್ತು.

ತಕ್ಷಣ ಎಡಕ್ಕೆ ತೆಗೆದು ಅಲ್ಲೇ ನಿಲ್ಲಿಸಿದೆ. ಅದೇ ತಪ್ಪು. ಏರು ರಸ್ತೆ, ಹತ್ತಿರದಲ್ಲೇ ತಿರುವು. ಹ್ಯಾಂಡ್‌ಬ್ರೇಕ್ ಎಳೆದೆ, ಆದರೆ ಗೇರ್ ನ್ಯೂಟ್ರಲ್‌ನಲ್ಲೇ ಇತ್ತು. ಚಕ್ರಕ್ಕೆ ಕಲ್ಲು ಕೊಡಲಿಲ್ಲ. ಮಳೆ ಅಂತ ಅಮ್ಮನನ್ನು ಇಳಿಸಲೂ ಇಲ್ಲ. ಜಾಕಿ ಕೊಟ್ಟು ಎತ್ತಿ, ನಾಲ್ಕು ನಟ್ ಬಿಚ್ಚಿ, ಚಕ್ರ ಎಳೆದು ಪಕ್ಕಕ್ಕೆ ಮಲಗಿಸಿದೆ. ಸ್ಟೆಪ್ನಿ ತೆಗೆಯೋಣ ಅಂತ ಎದ್ದು ನಿಂತೆನೋ ಇಲ್ಲವೋ, ಕಿರ್ ಅಂತ ಸದ್ದು. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಜಾಕಿ ವಾಲಿ ಮಲಗಿತು. ಬ್ರೇಕ್ ಡ್ರಮ್ ಹೋಗಿ ಡಾಂಬರಿಗೆ ಕೂತಿತು. ಅರ್ಧ ನಿಮಿಷದ ಮುಂಚೆ ನನ್ನ ಎರಡೂ ಕೈ ಅದೇ ಡ್ರಮ್‌ನ ಕೆಳಗಿದ್ದವು. ಇನ್ನರ್ಧ ನಿಮಿಷ ತಡವಾಗಿದ್ದರೆ ನಾನು ಡಿಕ್ಕಿ ಹಿಂದೆ ನಿಂತಿರುತ್ತಿದ್ದೆ.

ತೋಟದ ಕೆಲಸದವರನ್ನು ಬಿಟ್ಟು ಬರುತ್ತಿದ್ದ ಒಂದು ಪಿಕಪ್ ನಿಂತಿತು. ಆ ಡ್ರೈವರ್ ಅಣ್ಣ ಇಳಿದವರೇ ಮೊದಲು ಎರಡು ಸೌದೆ ತುಂಡು ತಂದು ಚಕ್ರಗಳ ಹಿಂದೆ ಒದ್ದು ಕೂರಿಸಿದರು. ಆಮೇಲೆ ಅಮ್ಮನಿಗೆ ಕೈ ಕೊಟ್ಟು ಇಳಿಸಿದರು. ಅದಾದ ಮೇಲೇ ತಮ್ಮ ಬಾಟಲ್ ಜಾಕಿ ತೆಗೆದದ್ದು. ಚಕ್ರ ಹಾಕಿ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಕೇಳಿದರು, 'ಇಲ್ಲಿ ಯಾಕೆ ಬಿಚ್ಚಿದ್ರಿ? ತಿರುವು ದಾಟಿದ್ರೆ ಅಂಗಡಿ ಮುಂದೆ ಮಟ್ಟ ಜಾಗ ಇತ್ತಲ್ಲ.'

ಹನ್ನೊಂದು ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಚಕ್ರ ಬದಲಿಸಿದ್ದು ಇದು ಐದನೇ ಸಲ. ಹಿಂದಿನ ನಾಲ್ಕೂ ಸಲ ಮೈಸೂರಿನ ಸಪಾಟು ರಸ್ತೆಯಲ್ಲಿ. ನಮ್ಮ ಊರಿನ ರಸ್ತೆಗೆ ಆ ಅಭ್ಯಾಸ ಸಾಲದು ಅಂತ ಈಗ ಗೊತ್ತಾಯಿತು. ನಿಮಗೆ ತಿಳಿದದ್ದು ಹೇಳಿ. ಎಲ್ಲಾ ಓದುತ್ತೇನೆ.

ಗಾಡಿಪ್ರೇಮಿ ಸೋಮವಾರಪೇಟೆ | ಭಾನುವಾರ 11:05

ಅಣ್ಣ, ಇಬ್ಬರಿಗೂ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ಆದರೆ ಒಂದು ಮಾತು. ಗಾಳಿ ಇಲ್ಲದ ಚಕ್ರದಲ್ಲಿ ಮುಂದಕ್ಕೆ ಓಡಿಸಿದರೆ ಟೈರ್‌ನ ಪಕ್ಕದ ಗೋಡೆ ಒಳಗಿಂದ ಹರಿದು ಪುಡಿಯಾಗುತ್ತದೆ, ಅಲಾಯ್ ರಿಮ್ ಆದರೆ ಅಂಚು ಹೋಗುತ್ತದೆ. ಪಂಚರ್ ಆದ ಕೂಡಲೇ ನಿಲ್ಲಿಸಿ ಅಂತಲೇ ಎಲ್ಲರೂ ಹೇಳಿಕೊಡುವುದು. ನೀವು ನಿಲ್ಲಿಸಿದ್ದು ತಪ್ಪಲ್ಲ, ಚಕ್ರಕ್ಕೆ ಕಲ್ಲು ಕೊಡದೇ ಇದ್ದದ್ದು ತಪ್ಪು.

ಕಾಟಕೇರಿ ಕಾಫಿ | ಭಾನುವಾರ 11:30

ಕಲ್ಲು ಕೊಡದೇ ಇದ್ದದ್ದು ತಪ್ಪೇ, ಒಪ್ಪಿದೆ. ಆದರೂ ಆ ಜಾಗದಲ್ಲಿ ಬೇರೆ ಏನು ಸರಿ ಇತ್ತು ಹೇಳಿ. ಮೇಲಿನಿಂದ ಇಳಿಯುವ ಲಾರಿಗೆ ತಿರುವಿನಲ್ಲಿ ನಾನು ಕಾಣುವುದಿಲ್ಲ. ಎಡಗಡೆ ಬರೆ, ಅಂದರೆ ಕಡಿದಾದ ಗುಡ್ಡದ ಗೋಡೆ. ಮಳೆ ಬೇರೆ. 2018ರ ಆಗಸ್ಟ್‌ನಲ್ಲಿ ಇದೇ ಜೋಡುಪಾಲದಲ್ಲಿ ಗುಡ್ಡ ಕುಸಿದು ಮಡಿಕೇರಿ-ಸಂಪಾಜೆ ರಸ್ತೆಯೇ ಬಂದ್ ಆಗಿದ್ದು ನಮಗೆಲ್ಲ ನೆನಪಿದೆ. ಅಂಥ ಬರೆಯ ಬುಡದಲ್ಲಿ ಮಳೆಗಾಲದಲ್ಲಿ ಇಪ್ಪತ್ತು ನಿಮಿಷ ಮಂಡಿಯೂರಿ ಕೂರುವುದಕ್ಕಿಂತ ಒಂದು ಟೈರ್ ಹೋದರೆ ಹೋಗಲಿ ಅಂತ ನನಗೆ ಅನಿಸುತ್ತದೆ. ಟೈರ್ ಕೊಂಡುಕೊಳ್ಳಬಹುದು.

ಟೈರ್ ಅಂಗಡಿ ಕುಶಾಲನಗರ | ಭಾನುವಾರ ಮಧ್ಯಾಹ್ನ 2:15

ಅಂಗಡಿ ಇಟ್ಟು 17 ವರ್ಷ ಆಯಿತು. ಪಂಚರ್ ಹಾಕಿಯೇ ಬದುಕಿದವನು. ಇಬ್ಬರ ಮಾತೂ ಸರಿ, ಆದರೆ ನಮ್ಮ ಕೊಡಗು ಜಿಲ್ಲೆಯಲ್ಲಿ ಕಾಟಕೇರಿ ಅಣ್ಣನ ಮಾತು ಇನ್ನೂ ಸರಿ. ಗಾಳಿ ಹೋದ ಚಕ್ರದಲ್ಲಿ ನಡೆಯುವ ವೇಗಕ್ಕಿಂತ ಸ್ವಲ್ಪ ಜಾಸ್ತಿಯಲ್ಲಿ, ನಾಲ್ಕೂ ಇಂಡಿಕೇಟರ್ ಹಾಕಿಕೊಂಡು, ಸ್ಟೀರಿಂಗ್ ಜಾಸ್ತಿ ತಿರುಗಿಸದೆ ಇನ್ನೂರು ಮುನ್ನೂರು ಮೀಟರ್ ಹೋದರೆ ಟೈರ್ ಹಾಳಾಗಬಹುದು, ಕೆಲವು ಸಲ ಉಳಿಯುತ್ತದೆ ಕೂಡ. ಕಬ್ಬಿಣದ ರಿಮ್ ಸ್ವಲ್ಪ ಬಗ್ಗಿದರೆ ತಟ್ಟಿ ಸರಿ ಮಾಡುತ್ತೇವೆ. ಬೆರಳು ಜಜ್ಜಿದರೆ ನಮ್ಮಲ್ಲಿ ರಿಪೇರಿ ಇಲ್ಲ.

ಈಗ ನಿಮ್ಮ ಕಾರು ಯಾಕೆ ಜಾರಿತು ಅಂತ ಹೇಳುತ್ತೇನೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರಗಳನ್ನು ಮಾತ್ರ. ನೀವು ಎತ್ತಿದ್ದು ಅದರಲ್ಲೇ ಒಂದನ್ನು. ಹಾಗಾಗಿ ಏರಿನಲ್ಲಿ ಇಡೀ ಗಾಡಿಯನ್ನು ಬಲಗಡೆಯ ಒಂದೇ ಡ್ರಮ್ ತಡೆಯಬೇಕಾಯಿತು. ಕೇಬಲ್ ಚೂರು ಸಡಿಲ ಇದ್ದರೂ ಮುಗಿಯಿತು. ಫಸ್ಟ್ ಗೇರ್ ಹಾಕಿದ್ದರೆ ಮುಂದಿನ ಎರಡು ಚಕ್ರಗಳನ್ನು ಎಂಜಿನ್ ಹಿಡಿದುಕೊಳ್ಳುತ್ತಿತ್ತು.

ಉಲ್ಟಾ ಲೆಕ್ಕವೂ ಇದೆ. ಇವತ್ತಿನ ಸಣ್ಣ ಕಾರುಗಳಲ್ಲಿ ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಮುಂದಿನ ಒಂದು ಚಕ್ರ ಎತ್ತಿದಿರಿ ಅಂದುಕೊಳ್ಳಿ, ಆಗ ಗೇರ್ ಕೆಲಸಕ್ಕೆ ಬರುವುದಿಲ್ಲ. ಡಿಫರೆನ್ಷಿಯಲ್ (ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದರಿಂದ ಮೇಲೆ ಇರುವ ಚಕ್ರ ಸುಮ್ನೆ ತಿರುಗುತ್ತದೆ, ಕೆಳಗಿರುವ ಚಕ್ರ ಆರಾಮಾಗಿ ಉರುಳುತ್ತದೆ. ಆಟೋಮ್ಯಾಟಿಕ್ ಗಾಡಿಯ ಪಾರ್ಕಿಂಗ್ ಗೇರ್ ಕಥೆಯೂ ಇಷ್ಟೇ. ಆಗ ಹ್ಯಾಂಡ್‌ಬ್ರೇಕ್ ಒಂದೇ ಗತಿ. ಬೊಲೆರೊ, ಪಿಕಪ್ ತರಹ ಹಿಂದಿನ ಚಕ್ರ ಓಡಿಸುವ ಗಾಡಿಯಲ್ಲಿ ಹಿಂದಿನ ಚಕ್ರ ಎತ್ತಿದರೆ ಇನ್ನೂ ಕಷ್ಟ, ಗೇರೂ ಹೋಯಿತು, ಹ್ಯಾಂಡ್‌ಬ್ರೇಕೂ ಅರ್ಧ ಹೋಯಿತು. ಯಾವ ಚಕ್ರ ಅಂತ ಯೋಚಿಸುತ್ತಾ ಕೂರಬೇಡಿ. ಯಾವಾಗಲೂ ಗೇರ್, ಹ್ಯಾಂಡ್‌ಬ್ರೇಕ್, ಅದರ ಮೇಲೆ ಚಕ್ರಕ್ಕೆ ಅಡ್ಡ. ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಅಡ್ಡ ಕೊಡಿ, ಗಾಡಿ ಯಾವ ಕಡೆ ಉರುಳಬಹುದೋ ಆ ಕಡೆಯಿಂದ. ಎರಡು ತುಂಡು ಇದ್ದರೆ ಎರಡೂ ಕೊಡಿ.

ಹಳೇ ಜೀಪು ಸಿದ್ದಾಪುರ | ಭಾನುವಾರ 4:40

ಅಂಗಡಿಯವರು ಚೆನ್ನಾಗಿ ಬಿಡಿಸಿ ಹೇಳಿದರು. ನಮ್ಮ ಹಳೇ ಜೀಪುಗಳಿಗೆ ಒಂದು ಸೇರಿಸುತ್ತೇನೆ. ಫೋರ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಓಡಿಸುವ ಗೇರ್) ಇದ್ದರೆ ಅದನ್ನೂ ಹಾಕಿ ಗೇರ್‌ನಲ್ಲಿ ಬಿಡಿ. ಆಗ ಹಿಂದಿನ ಚಕ್ರ ಎತ್ತಿದರೂ ಮುಂದಿನ ಜೋಡಿ ಎಂಜಿನ್‌ಗೆ ಕಟ್ಟಿಕೊಂಡಿರುತ್ತದೆ. ಮುಂದಿನ ಹಬ್ (ಚಕ್ರ ಕೂರುವ ನಡುಭಾಗ) ಲಾಕ್ ಆಗಿದೆಯಾ ನೋಡಿಕೊಳ್ಳಿ.

ನನ್ನ ಗಾಡಿಯಲ್ಲಿ ಮೂರು ಸಾಮಾನು ಸದಾ ಇರುತ್ತವೆ. ಸಿಲ್ವರ್ ಓಕ್ ದಿಮ್ಮಿಯಿಂದ ಓರೆಯಾಗಿ ಕೊಯ್ಸಿದ ಎರಡು ಅಡ್ಡ ತುಂಡು. ಒಂದಡಿ ಚೌಕದ, ಒಂದೂವರೆ ಇಂಚು ದಪ್ಪದ ಹಲಗೆ. ಒಂದು ಗೋಣಿಚೀಲ. ಹಲಗೆ ಜಾಕಿಯ ಬುಡಕ್ಕೆ. ನಮ್ಮ ಕೆಂಪು ಮಣ್ಣು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಜಿ ಇದ್ದ ಹಾಗೆ. ಕಾರಿನ ಜಾಕಿಯ ಬುಡ ಅಂಗೈಯಷ್ಟೇ ಅಗಲ. ನೀವು ಎತ್ತುತ್ತಾ ಹೋಗುತ್ತೀರಿ, ಅದು ಇಳಿಯುತ್ತಾ ಹೋಗುತ್ತದೆ, ಅದೂ ಒಂದೇ ಬದಿಗೆ. ಹಲಗೆ ಇಲ್ಲ ಅಂತ ಕೆಂಪುಕಲ್ಲು, ಇಟ್ಟಿಗೆ ಇಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಭಾರ ಬಿದ್ದಾಗ ಒಮ್ಮೆಲೇ ಒಡೆದು ಬಿಡುತ್ತವೆ, ಮುನ್ಸೂಚನೆ ಕೊಡುವುದಿಲ್ಲ. ಮರ ಮುಂಚೆಯೇ ಸದ್ದು ಮಾಡುತ್ತದೆ.

ಗೋಣಿಚೀಲ ಮಂಡಿ ಊರುವುದಕ್ಕೆ. ಮಳೆಗಾಲದಲ್ಲಿ ಜಿಗಣೆ ಹತ್ತುವುದೂ ಸ್ವಲ್ಪ ತಡವಾಗುತ್ತದೆ.

ಇನ್ನೊಂದು, ಇದು ತೋಟದ ಮೇಸ್ತ್ರಿಯೊಬ್ಬರು ನನಗೆ ಹುಡುಗನಾಗಿದ್ದಾಗ ಹೇಳಿಕೊಟ್ಟದ್ದು. ಗಾಡಿ ಎತ್ತಿದ ಕೂಡಲೇ, ಚಕ್ರ ಬಿಚ್ಚುವ ಮುಂಚೆ, ಸ್ಟೆಪ್ನಿಯನ್ನು ಜಾಕಿಯ ಪಕ್ಕದಲ್ಲಿ ಗಾಡಿಯ ಅಡಿಗೆ ಮಲಗಿಸಿ ತಳ್ಳಿ. ಪಂಚರ್ ಚಕ್ರ ಹೊರಗೆ ಬಂದ ಮೇಲೆ ಅದನ್ನು ಅಡಿಗೆ ತಳ್ಳಿ ಸ್ಟೆಪ್ನಿ ಹೊರಗೆ ಎಳೆಯಿರಿ. ಅಡಿಯಲ್ಲಿ ಯಾವಾಗಲೂ ಒಂದು ಚಕ್ರ ಇರಲೇಬೇಕು. ಜಾಕಿ ಕೈಕೊಟ್ಟರೆ ಗಾಡಿ ಆ ಚಕ್ರದ ಮೇಲೆ ಕೂರುತ್ತದೆ, ಕೈ ಮೇಲೆ ಅಲ್ಲ. ಕಾಟಕೇರಿಯವರೇ, ನಿಮ್ಮ ಡ್ರಮ್ ಡಾಂಬರಿಗೆ ತಾಗುತ್ತಿರಲಿಲ್ಲ.

ಕಾಟಕೇರಿ ಕಾಫಿ | ಭಾನುವಾರ 5:10

ಅಂಕಲ್, ಇದೊಂದು ಮಾತಿಗೇ ನಾನು ಬರೆದದ್ದು ಸಾರ್ಥಕ ಆಯಿತು. ಸ್ಟೆಪ್ನಿ ಕೈಗೆ ಸಿಗುವ ಹಾಗೆ ಮೊದಲೇ ತೆಗೆದಿಟ್ಟುಕೊಂಡಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಸ್ಟೆಪ್ನಿ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾ?

ಹಳೇ ಜೀಪು ಸಿದ್ದಾಪುರ | ಭಾನುವಾರ 5:35

ಗೊತ್ತು. ಇಂಗ್ಲೆಂಡ್ ಪಕ್ಕದ ವೇಲ್ಸ್‌ನಲ್ಲಿ ಲನೆಲ್ಲಿ ಅಂತ ಊರು. ಅಲ್ಲಿ ಸ್ಟೆಪ್ನಿ ಸ್ಟ್ರೀಟ್ ಅನ್ನುವ ಬೀದಿಯಲ್ಲಿ ಡೇವಿಸ್ ಅನ್ನುವ ಅಣ್ಣತಮ್ಮಂದಿರು 1904ರ ಹೊತ್ತಿಗೆ ಬಿಡಿ ಚಕ್ರ ಮಾಡಿ ಮಾರಲು ಶುರು ಮಾಡಿದರು. ಆಗಿನ ಕಾರುಗಳಿಗೆ ಬಿಡಿ ಚಕ್ರವೇ ಇರುತ್ತಿರಲಿಲ್ಲ, ದಾರಿಯಲ್ಲೇ ಕೂತು ಟ್ಯೂಬ್ ರಿಪೇರಿ ಮಾಡಬೇಕಿತ್ತು. ಬೀದಿಯ ಹೆಸರೇ ಚಕ್ರದ ಹೆಸರಾಯಿತು. ಅವರ ದೇಶದಲ್ಲಿ ಆ ಮಾತು ಬಳಕೆ ತಪ್ಪಿತು, ನಮ್ಮಲ್ಲಿ ಉಳಿದುಕೊಂಡಿತು.

ನೈಟ್ ಡ್ಯೂಟಿ ವಿರಾಜಪೇಟೆ | ಭಾನುವಾರ ರಾತ್ರಿ 9:50

ನಾನು ನರ್ಸ್. ವಾರದಲ್ಲಿ ಮೂರು ನಾಲ್ಕು ದಿನ ರಾತ್ರಿ ಒಬ್ಬಳೇ ಗಾಡಿ ಓಡಿಸುತ್ತೇನೆ. ಎರಡು ಸಲ ಒಬ್ಬಳೇ ಚಕ್ರ ಬದಲಿಸಿದ್ದೇನೆ. ನನ್ನ ತೂಕ 52 ಕಿಲೋ. ಹೆಣ್ಣುಮಕ್ಕಳಿಗೆ ಆಗುವುದಿಲ್ಲ ಅನ್ನುವವರಿಗೆ ಹೇಳುತ್ತೇನೆ, ಆಗದೇ ಇರುವುದು ಒಂದೇ, ಅಂಗಡಿಯಲ್ಲಿ ಗನ್ (ನಟ್ ಬಿಗಿಯುವ ಯಂತ್ರ) ಇಟ್ಟು ಬಿಗಿದ ನಟ್. ಮೊದಲ ಸಲ ಸ್ಪ್ಯಾನರ್ ಹಿಡಿದು ಎಷ್ಟು ಎಳೆದರೂ ಅಲ್ಲಾಡಲಿಲ್ಲ. ಅಲ್ಲೇ ಅಳು ಬಂದಿತ್ತು. ಮಾರನೇ ದಿನ ಎರಡೂವರೆ ಅಡಿ ಕಬ್ಬಿಣದ ಪೈಪ್ ತಂದು ಡಿಕ್ಕಿಯಲ್ಲಿ ಹಾಕಿದೆ. ಸ್ಪ್ಯಾನರ್‌ನ ಹಿಡಿಕೆಗೆ ಅದನ್ನು ತೂರಿಸಿ ಒತ್ತಿದರೆ ಎಂಥ ನಟ್ ಕೂಡ ಟಕ್ ಅಂತ ಬಿಡುತ್ತದೆ.

ಹಿಡಿಕೆ ನಿಮ್ಮ ಎಡಗೈ ಕಡೆಗೆ ಮಲಗುವ ಹಾಗೆ ಸ್ಪ್ಯಾನರ್ ಹಾಕಿ, ಕೆಳಕ್ಕೆ ಒತ್ತಿ. ಮೇಲಕ್ಕೆ ಎಳೆಯಬೇಡಿ, ಸೊಂಟ ಹಿಡಿಯುತ್ತದೆ. ಇದನ್ನು ಚಕ್ರ ಇನ್ನೂ ನೆಲದ ಮೇಲೆ ಇರುವಾಗಲೇ ಮಾಡಬೇಕು, ಅರ್ಧ ಸುತ್ತು ಸಾಕು. ಎತ್ತಿದ ಮೇಲೆ ಬಲ ಹಾಕಿದರೆ ಚಕ್ರವೂ ತಿರುಗುತ್ತದೆ, ಗಾಡಿಯೂ ಜಾಕಿಯ ಮೇಲೆ ತೂಗುತ್ತದೆ.

ಕೈಯಲ್ಲಿ ಹಿಡಿಯುವ ಟಾರ್ಚ್ ಬೇಡ, ತಲೆಗೆ ಕಟ್ಟುವುದು ತೆಗೆದುಕೊಳ್ಳಿ. ಮೊಬೈಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೆಲಸ ಮಾಡಿದ್ದೇನೆ, ಅದು ಕೆಲಸ ಅಲ್ಲ.

ಗಾಡಿಯಲ್ಲಿ ಇರುವವರನ್ನು ಇಳಿಸುವ ವಿಚಾರ ಅಣ್ಣ ಬರೆದಿದ್ದಾರೆ. ಆಸ್ಪತ್ರೆಯಲ್ಲಿ ಇದ್ದವಳಾಗಿ ಕೇಳಿಕೊಳ್ಳುತ್ತೇನೆ, ಮಳೆ ಇರಲಿ, ಮಗು ಮಲಗಿರಲಿ, ಇಳಿಸಿ. ರಸ್ತೆಯಿಂದ ದೂರ, ಗಾಡಿಯ ಹಿಂದೆಯೂ ಅಲ್ಲ ಮುಂದೆಯೂ ಅಲ್ಲ, ತಡೆಗೋಡೆ ಇದ್ದರೆ ಅದರ ಆಚೆ ನಿಲ್ಲಿಸಿ. ಆಚೆ ಪ್ರಪಾತ ಇದೆಯಾ ಅಂತ ಟಾರ್ಚ್ ಬಿಟ್ಟು ನೋಡಿಯೇ ಕಳಿಸಿ. ಪೆಟ್ಟು ಬಿದ್ದರೆ 108, ಬೇರೆ ತುರ್ತು ಇದ್ದರೆ 112. ಮಾಕುಟ್ಟ ಘಾಟಿ ಇಳಿಯುವವರು ಸಿಗ್ನಲ್ ಇರುವ ಕಡೆಯೇ ಮನೆಗೆ ಒಂದು ಫೋನ್ ಮಾಡಿ ಹೋಗಿ.

ಮಂಜಿನ ಸವಾರ | ಸೋಮವಾರ ಬೆಳಿಗ್ಗೆ 7:30

ಎಲ್ಲರೂ ಕಾರಿನವರು ಮಾತಾಡುತ್ತಿದ್ದೀರಿ, ಬೈಕಿನವನು ಒಂದು ವಿನಂತಿ ಮಾಡುತ್ತೇನೆ. ಚಕ್ರಕ್ಕೆ ಕೊಟ್ಟ ಕಲ್ಲು, ಗಾಡಿಯ ಹಿಂದೆ ಸಾಲಾಗಿ ಇಟ್ಟ ಕಲ್ಲು, ಹೋಗುವಾಗ ದಯವಿಟ್ಟು ತೆಗೆದು ಹೋಗಿ. ಬೋಯಿಕೇರಿ ಹತ್ತಿರ ಬೆಳಗಿನ ಮಂಜಿನಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲೊಂದು ಲೇನ್ ಮಧ್ಯೆ ಕೂತಿತ್ತು. ಪಕ್ಕದಲ್ಲಿ ಬಾಡಿದ ಸೊಪ್ಪಿನ ಕೊಂಬೆ. ರಾತ್ರಿ ಯಾರದೋ ಗಾಡಿ ನಿಂತಿತ್ತು ಅಂತ ಗೊತ್ತಾಗುತ್ತದೆ. ಗಾಡಿ ಹೋಗಿದೆ, ಕಲ್ಲು ಹಾಗೇ ಇದೆ. ನನ್ನ ಮುಂದಿನ ಚಕ್ರ ಅದರ ಅಂಚು ಸವರಿಕೊಂಡು ಹೋಯಿತು. ಆಮೇಲೆ ನಿಲ್ಲಿಸಿ, ವಾಪಸ್ ನಡೆದು ಹೋಗಿ, ಎರಡೂ ಕೈಯಲ್ಲಿ ಎತ್ತಿ ಚರಂಡಿಗೆ ಹಾಕಿದೆ. ಆ ಕಲ್ಲಿನ ತೂಕ ಇನ್ನೂ ಕೈಯಲ್ಲಿದೆ.

ಮರದ ತುಂಡಿಗೆ ಒಂದು ಹಗ್ಗ ಕಟ್ಟಿ ಇಟ್ಟುಕೊಳ್ಳಿ. ಹಗ್ಗದ ತುದಿ ಬಾಗಿಲ ಹಿಡಿಕೆಗೆ ಸಿಕ್ಕಿಸಿದರೆ ಮರೆಯುವುದಿಲ್ಲ.

ಗಾಡಿಪ್ರೇಮಿ ಸೋಮವಾರಪೇಟೆ | ಸೋಮವಾರ 8:45

ಹಗ್ಗದ ಉಪಾಯ ಇವತ್ತೇ ಮಾಡುತ್ತೇನೆ. ಸೊಪ್ಪು ಇಡುವ ಬದಲು ಕಾರಿನ ಜೊತೆ ಬರುವ ಕೆಂಪು ತ್ರಿಕೋನ ಇದೆಯಲ್ಲ, ಅದು ಜಾಸ್ತಿ ಗಾಡಿಗಳಲ್ಲಿ ಪ್ಲಾಸ್ಟಿಕ್ ಕವರ್ ಬಿಚ್ಚದೆಯೇ ಇರುತ್ತದೆ. ಅದನ್ನು ಸಪಾಟು ರಸ್ತೆಯಲ್ಲಿ ಐವತ್ತು ಮೀಟರ್ ಹಿಂದೆ ಇಟ್ಟರೆ ಸರಿ. ತಿರುವಿನಲ್ಲಿ ಮೀಟರ್ ಲೆಕ್ಕ ಬಿಡಿ. ಬರುವವರಿಗೆ ತಿರುವು ಶುರುವಾಗುವ ಮುಂಚೆಯೇ ಕಾಣಬೇಕು. ಗಾಡಿಯ ಹಿಂದೆ ಹತ್ತು ಹೆಜ್ಜೆಯಲ್ಲಿ ಇಟ್ಟರೆ ತ್ರಿಕೋನ ಕಂಡಾಗ ಗಾಡಿಯೂ ಕಂಡಿರುತ್ತದೆ. ಏನು ಪ್ರಯೋಜನ?

ನಿನ್ನೆ ನಾನು ಬರೆದದ್ದನ್ನು ತಿದ್ದಿಕೊಳ್ಳುತ್ತೇನೆ. ಘಾಟಿಯಲ್ಲಿ ಮಟ್ಟ ಜಾಗ ಸಿಗುವವರೆಗೆ ಹೋಗುವುದೇ ಸರಿ.

ತಿತಿಮತಿ ತೋಟ | ಸೋಮವಾರ 11:20

ನಮ್ಮ ಕಡೆ ಮಟ್ಟ ಜಾಗ ಬೇಕಾದಷ್ಟಿದೆ, ಆದರೂ ಇಳಿಯಬಾರದ ಜಾಗ ಇದು. ಹುಣಸೂರಿನಿಂದ ಗೋಣಿಕೊಪ್ಪಲಿಗೆ ಬರುವಾಗ ಆನೆಚೌಕೂರು ಕಾಡಿನ ನಡುವೆ ಪಂಚರ್ ಆದರೆ, ಅದೂ ಸಂಜೆ ಮೇಲೆ, ದಯವಿಟ್ಟು ಇಳಿದು ಜಾಕಿ ಹಾಕಬೇಡಿ. ಮೆಲ್ಲಗೆ ಓಡಿಸಿಕೊಂಡೇ ಬನ್ನಿ. ಟೈರ್ ಚಿಂದಿಯಾದರೂ ಪರವಾಗಿಲ್ಲ, ಚೆಕ್‌ಪೋಸ್ಟ್ ಅಥವಾ ಮನೆಗಳಿರುವ ಕಡೆ ಬಂದು ನಿಲ್ಲಿಸಿ. ಆನೆ ರಸ್ತೆ ದಾಟುವಾಗ ಸದ್ದೇ ಮಾಡುವುದಿಲ್ಲ. ನಟ್ ಬಿಚ್ಚುತ್ತಾ ಕೆಳಗೆ ಕೂತವರಿಗೆ ಹಿಂದೆ ಏನಿದೆ ಅಂತ ಗೊತ್ತಾಗುವುದಿಲ್ಲ. ನಮ್ಮ ತೋಟದೊಳಗೇ ಬೆಳಗಿನ ಜಾವ ಆನೆ ಇರುತ್ತದೆ, ನಾವೇ ಪಟಾಕಿ ಹಾರಿಸಿ, ಲದ್ದಿ ಹಸಿಯಾ ಒಣಗಿದೆಯಾ ನೋಡಿ ಆಮೇಲೆ ಕೆಲಸಕ್ಕೆ ಇಳಿಯುವುದು. ಕುಶಾಲನಗರದ ಪಕ್ಕದ ಆನೆಕಾಡಿನ ಹತ್ತಿರವೂ ಇದೇ ಮಾತು.

ಪೊನ್ನಂಪೇಟೆ ಟು ಬೆಂಗಳೂರು | ಸೋಮವಾರ ಮಧ್ಯಾಹ್ನ 1:00

ನನ್ನ ಹೊಸ ಕಾರಿನಲ್ಲಿ ಸ್ಟೆಪ್ನಿಯೇ ಇಲ್ಲ. ಒಂದು ಸಣ್ಣ ಗಾಳಿ ಪಂಪು, ಒಂದು ಬಾಟಲಿ ಅಂಟು ಕೊಟ್ಟಿದ್ದಾರೆ. 2020ರಲ್ಲಿ ನಿಯಮ ಬದಲಾಯಿತಂತೆ, ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್, ಗಾಳಿ ತೋರಿಸುವ ಸೆನ್ಸರ್ ಇದ್ದರೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ನಮ್ಮ ಕಡೆ ಇದು ಸಾಕಾ?

ಟೈರ್ ಅಂಗಡಿ ಕುಶಾಲನಗರ | ಸೋಮವಾರ 3:30

ಮೊಳೆ ಚುಚ್ಚಿದರೆ ಸಾಕು. ಟೈರ್‌ನ ಮೇಲ್ಭಾಗದ ಸಣ್ಣ ತೂತಿಗೆ ಅಂಟು ಹಿಡಿಯುತ್ತದೆ. ಆದರೆ ಮಳೆಗಾಲ ಕಳೆದ ಮೇಲೆ ನನ್ನ ಅಂಗಡಿಗೆ ಬರುವುದರಲ್ಲಿ ಪಕ್ಕದ ಗೋಡೆ ಕೊಯ್ದುಕೊಂಡವು ಬೇಕಾದಷ್ಟು. ಗುಂಡಿಯ ಅಂಚು, ಚೂಪು ಜಲ್ಲಿ. ಅದಕ್ಕೆ ಅಂಟೂ ಹಿಡಿಯುವುದಿಲ್ಲ, ಪಂಚರ್ ಹಾಕಲೂ ಆಗುವುದಿಲ್ಲ. ಊರಿಗೆ ಬರುವಾಗ ನಿಮ್ಮ ಗಾಡಿಗೆ ಸರಿಹೊಂದುವ ಒಂದು ಚಕ್ರ, ಜಾಕಿ, ಸ್ಪ್ಯಾನರ್ ಡಿಕ್ಕಿಯಲ್ಲಿ ಇಟ್ಟುಕೊಂಡು ಬನ್ನಿ ಅಂತಲೇ ನನ್ನ ಸಲಹೆ.

ವಿರಾಜಪೇಟೆ ಅಕ್ಕ ಗನ್ ವಿಚಾರ ಬರೆದಿದ್ದಾರೆ. ಅದರಲ್ಲಿ ತಪ್ಪು ನಮ್ಮದು, ಅಂಗಡಿಯವರದು. ಗಡಿಬಿಡಿಯಲ್ಲಿ ಗನ್ ಇಟ್ಟು ಟರ್ ಅನ್ನಿಸಿ ಕಳಿಸಿಬಿಡುತ್ತೇವೆ. ಕಾರಿನ ನಟ್‌ಗೆ ಬೇಕಾಗಿರುವುದು ಸಾಮಾನ್ಯವಾಗಿ 80ರಿಂದ 120 ನ್ಯೂಟನ್ ಮೀಟರ್, ನಿಮ್ಮ ಗಾಡಿಯದ್ದು ಎಷ್ಟು ಅಂತ ಪುಸ್ತಕದಲ್ಲಿ ಇರುತ್ತದೆ. 100 ಅಂದರೆ ಕಾಲು ಮೀಟರ್ ಉದ್ದದ ಸ್ಪ್ಯಾನರ್‌ನ ತುದಿಯಲ್ಲಿ ಸುಮಾರು 40 ಕಿಲೋ ತೂಕ ಬಿಟ್ಟ ಹಾಗೆ. ಅಷ್ಟೇ. ನಾನು ಈಗ ಗನ್‌ನಲ್ಲಿ ಹಗುರವಾಗಿ ಕೂರಿಸಿ, ಕೊನೆಗೆ ಕೈಯಲ್ಲೇ ಟಾರ್ಕ್ ಸ್ಪ್ಯಾನರ್ (ಬಲ ಅಳೆದು ಬಿಗಿಯುವ ಸ್ಪ್ಯಾನರ್) ಹಾಕುತ್ತೇನೆ. ನೀವೂ ಅಂಗಡಿಯಲ್ಲಿ ನಿಂತು ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಕ್ಕನ ಪೈಪ್ ಬಿಚ್ಚುವುದಕ್ಕೆ ಮಾತ್ರ. ಬಿಗಿ ಮಾಡುವಾಗ ಪೈಪ್ ಹಾಕಿದರೆ ಬೋಲ್ಟ್‌ನ ಮರೆ (ಥ್ರೆಡ್) ಹೋಗುತ್ತದೆ, ತುಂಡಾಗಲೂಬಹುದು. ಸ್ಪ್ಯಾನರ್ ಮೇಲೆ ನಿಂತು ಕುಣಿಯುವುದೂ ಬೇಡ, ಕಾಲು ಜಾರಿದರೆ ಮೊಣಕಾಲು ನೇರ ಬಾಗಿಲಿಗೆ.

ಹಾಕುವಾಗ ನಟ್‌ನ ಓರೆ ಇರುವ ಮುಖ ಚಕ್ರದ ಕಡೆಗೆ. ಮೊದಲು ಎಲ್ಲವನ್ನೂ ಬೆರಳಿನಲ್ಲೇ ಹತ್ತಿಸಿ. ಎರಡು ಸುತ್ತು ಬೆರಳಿನಲ್ಲಿ ಹೋಗದಿದ್ದರೆ ಅಡ್ಡ ಹತ್ತಿದೆ ಅಂತ ತಿಳಿದು ಬಿಚ್ಚಿ ಮತ್ತೆ ಹಾಕಿ. ಆಮೇಲೆ ಸ್ಪ್ಯಾನರ್‌ನಲ್ಲಿ ಎದುರುಬದುರು ಬಿಗಿ ಮಾಡುತ್ತಾ ಬನ್ನಿ, ಪಕ್ಕಪಕ್ಕದ್ದು ಅಲ್ಲ. ಐದು ನಟ್ ಇದ್ದರೆ ಒಂದು ಬಿಟ್ಟು ಒಂದು. ಚಕ್ರ ನೆಲಕ್ಕೆ ತಾಗಿದ ಮೇಲೇ ಪೂರ್ತಿ ಬಿಗಿ. ಬೋಲ್ಟ್‌ಗೆ ಎಣ್ಣೆ, ಗ್ರೀಸ್ ಹಚ್ಚಬೇಡಿ, ಹಚ್ಚಿದರೆ ಅದೇ ಬಲಕ್ಕೆ ಜಾಸ್ತಿ ಬಿಗಿಯಾಗುತ್ತದೆ.

ನಮ್ಮ ಕಡೆಗೆ ಇದು ಮುಖ್ಯ. ಚಕ್ರ ಕೂರುವ ಹಬ್‌ನ ಮುಖದಲ್ಲಿ ಮಣ್ಣು ಇದ್ದರೆ ಒರೆಸಿ. ಉಗುರಿನಷ್ಟು ಮಣ್ಣು ನಡುವೆ ಸಿಕ್ಕಿಕೊಂಡರೆ ನಟ್ ಬಿಗಿಯಾದ ಹಾಗೆ ಕಾಣುತ್ತದೆ. ಹತ್ತು ಕಿಲೋಮೀಟರ್‌ಗೆ ಆ ಮಣ್ಣು ಪುಡಿಯಾಗಿ ಉದುರುತ್ತದೆ, ನಟ್ ಸಡಿಲ. ಅದಕ್ಕೇ 50ರಿಂದ 100 ಕಿಲೋಮೀಟರ್ ಒಳಗೆ ಇನ್ನೊಮ್ಮೆ ಬಿಗಿ ನೋಡಿ ಅನ್ನುವುದು.

ನೈಟ್ ಡ್ಯೂಟಿ ವಿರಾಜಪೇಟೆ | ಸೋಮವಾರ ರಾತ್ರಿ 8:20

ಅಣ್ಣ, ತಪ್ಪು ಒಪ್ಪಿಕೊಂಡು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದು ಪ್ರಶ್ನೆ. ಎರಡನೇ ಸಲ ನಟ್ ಎಲ್ಲಾ ಬಿಚ್ಚಿದರೂ ಚಕ್ರ ಹಬ್‌ನಿಂದ ಬರಲೇ ಇಲ್ಲ, ಅಂಟಿಕೊಂಡ ಹಾಗೆ. ಒದ್ದೆ, ಒದ್ದೆ, ಗಾಡಿ ಅಲ್ಲಾಡಿತು. ಭಯ ಆಗಿ ಬಿಟ್ಟೆ. ಏನು ಮಾಡಬೇಕಿತ್ತು?

ಟೈರ್ ಅಂಗಡಿ ಕುಶಾಲನಗರ | ಸೋಮವಾರ 9:00

ಬಿಟ್ಟದ್ದು ಸರಿ ಅಕ್ಕ. ಅದು ತುಕ್ಕು. ನಟ್‌ಗಳನ್ನು ವಾಪಸ್ ಹತ್ತಿಸಿ, ಅರ್ಧ ಸುತ್ತು ಸಡಿಲ ಬಿಡಿ. ಗಾಡಿ ಇಳಿಸಿ ಜಾಕಿ ತೆಗೆಯಿರಿ. ಅಡ್ಡ ತೆಗೆದು, ಮಟ್ಟ ಜಾಗದಲ್ಲಿ ಗಾಡಿಯನ್ನು ಒಂದಡಿ ಹಿಂದೆ, ಒಂದಡಿ ಮುಂದೆ ಮೆಲ್ಲಗೆ ಆಡಿಸಿ. ಗಾಡಿಯ ಭಾರವೇ ಅದನ್ನು ಬಿಡಿಸುತ್ತದೆ, ಟಪ್ ಅಂತ ಸದ್ದು ಕೇಳುತ್ತದೆ. ಆಮೇಲೆ ಮತ್ತೆ ಮೊದಲಿನಿಂದ ಅಡ್ಡ ಕೊಟ್ಟು ಎತ್ತಿ. ಜಾಕಿಯ ಮೇಲೆ ಇರುವ ಗಾಡಿಗೆ ಜೋರಾಗಿ ಒದೆಯಬೇಡಿ.

ಕಾಟಕೇರಿ ಕಾಫಿ | ಮುಂದಿನ ಭಾನುವಾರ ಸಂಜೆ 6:10

ಇವತ್ತು ಅಂಗಳದಲ್ಲಿ, ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ, ಮೊದಲಿನಿಂದ ಕೊನೆಯವರೆಗೆ ಚಕ್ರ ಬಿಚ್ಚಿ ಹಾಕಿ ಅಭ್ಯಾಸ ಮಾಡಿದೆ. ಅಮ್ಮನೂ ಬಂದು ಕೂತರು. ಸಿಕ್ಕಿದ್ದು ಇಷ್ಟು. ಮನೆಯಲ್ಲಿದ್ದ ಇನ್ನೊಂದು ಗಾಡಿಯ ಸ್ಟೆಪ್ನಿಯಲ್ಲಿ 32 ಇರಬೇಕಾದ ಗಾಳಿ 14 ಇತ್ತು. ಅದು ಗಾಡಿಯ ಹೊಟ್ಟೆ ಅಡಿಗೆ ನೇತಾಡುವ ಸ್ಟೆಪ್ನಿ, ಇಳಿಸುವ ಚೈನು ಕೆಸರು ತಿಂದು ತುಕ್ಕು ಹಿಡಿದು ಕೂತಿತ್ತು. ಅದನ್ನು ಇಳಿಸಲು ಮುಕ್ಕಾಲು ಗಂಟೆ ಬೇಕಾಯಿತು. ರಸ್ತೆಯಲ್ಲಿ ಆಗಿದ್ದರೆ ಅಂತ ನೆನೆಸಿಕೊಂಡರೆ ಮೈ ಜುಮ್ ಅನ್ನುತ್ತದೆ. ಈ ತರಹದ ಗಾಡಿ ಇರುವವರು ಮಳೆಗಾಲ ಮುಗಿದ ಮೇಲೆ ಒಂದು ಸಲ ಇಳಿಸಿ, ತೊಳೆದು, ಮತ್ತೆ ಏರಿಸಿ.

ಆ ಸ್ಟೆಪ್ನಿಯ ಪಕ್ಕದಲ್ಲಿ ನಾಲ್ಕು ಅಂಕಿ ಇದ್ದವು, 2314. ಅಂದರೆ 2014ರ 23ನೇ ವಾರ ತಯಾರಾದದ್ದು. ಒಂದು ಸಲವೂ ರಸ್ತೆ ಕಂಡಿಲ್ಲ, ಟೈರ್ ಮೇಲಿನ ಗುಳ್ಳಿ ಸವೆಯದೆ ಹಾಗೇ ಇದೆ, ಆದರೆ ರಬ್ಬರ್ ಬಿರುಕು ಬಿಟ್ಟಿದೆ. ಬದಲಿಸುತ್ತೇನೆ.

ನನ್ನ ಕಾರಿನ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದು, ಅದರ ಮೇಲೆ 80 ಅಂತ ಸ್ಟಿಕರ್ ಇದೆ ಅಂತಲೂ ಇವತ್ತೇ ನೋಡಿದ್ದು. ಅದನ್ನು ಹಾಕಿಕೊಂಡು 80 ಕಿಲೋಮೀಟರ್ ವೇಗ ದಾಟಬಾರದು.

ಜಾಕಿ ಕೊಡುವ ಜಾಗವನ್ನು ಅಮ್ಮನೇ ಕೈಯಿಂದ ಸವರಿ ಕಂಡುಹಿಡಿದರು. ಬಾಗಿಲ ಕೆಳಗಿನ ಅಂಚಿನಲ್ಲಿ ಎರಡು ಸಣ್ಣ ಕಚ್ಚು, ಅವುಗಳ ನಡುವೆ. ಕತ್ತಲಲ್ಲಿ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ನಾಲ್ಕೂ ಕಡೆ ಬಿಳಿ ಪೇಂಟ್ ಹಚ್ಚಿ ಇಟ್ಟೆ.

ಹಲಗೆ ಮಾಡಿಸಿದೆ. ಅಡ್ಡ ತುಂಡು ಮಾಡಿಸಿ ಹಗ್ಗ ಕಟ್ಟಿದೆ. ಆ ಪಿಕಪ್ ಅಣ್ಣನನ್ನು ಮದೆನಾಡಿನಲ್ಲಿ ಕೇಳಿ ಹುಡುಕಿ, ಒಂದು ಕಿಲೋ ಕಾಫಿ ಪುಡಿ ಕೊಟ್ಟು ಬಂದೆ. ಅವರು ಪುಡಿ ತೆಗೆದುಕೊಂಡು ಮೊದಲು ಕೇಳಿದ್ದು ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿ ಮಾಡಿಸಿದಿರಾ ಅಂತ. ಮಾಡಿಸಿದ್ದೇನೆ. ಮೊದಲು ಲಿವರ್ ಹನ್ನೊಂದು ಹಲ್ಲು ಮೇಲೆ ಬರುತ್ತಿತ್ತು, ಈಗ ಆರಕ್ಕೆ ಹಿಡಿಯುತ್ತದೆ.

ಅಂಗಡಿ ಅಣ್ಣ, ಒಂದು ಕೇಳಬೇಕಿತ್ತು. ಆವತ್ತು ಹಾಕಿದ ಚಕ್ರದ ನಟ್‌ಗಳನ್ನು ಸುಮಾರು 60 ಕಿಲೋಮೀಟರ್ ಆದ ಮೇಲೆ ನೋಡಿದೆ. ಮೂರು ಅಲ್ಲಾಡಲಿಲ್ಲ. ಒಂದು ಕಾಲು ಸುತ್ತು ತಿರುಗಿತು. ಇದು ಸರಿಯಾ?

ಟೈರ್ ಅಂಗಡಿ ಕುಶಾಲನಗರ | ಭಾನುವಾರ 7:25

ಕಾಲು ಸುತ್ತು ಜಾಸ್ತಿಯೇ ಅಣ್ಣ. ಮಳೆಯಲ್ಲಿ ಹಾಕಿದ್ದಲ್ಲವಾ, ಹಬ್ ಮೇಲೆ ಮಣ್ಣು ಇದ್ದಿರಬೇಕು. ನಾಳೆ ಆ ಚಕ್ರ ಒಮ್ಮೆ ಬಿಚ್ಚಿ ಮುಖ ಒರೆಸಿ ಮತ್ತೆ ಹಾಕಿ. ಹಾಗೆಯೇ ಜಾರಿ ಕೂತ ಡ್ರಮ್ ಕೂಡ ಒಂದು ಸಲ ತೋರಿಸಿ, ಅಂಚು ಬಗ್ಗಿದೆಯಾ ನೋಡೋಣ. ಈ ಕಡೆ ಬರುವುದಾದರೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಆಗ ಗಿರಾಕಿ ಕಮ್ಮಿ.